ಅಡ್ಯಾರಿನ ಕ್ಯಾನ್ಸರ್ ಆಸ್ಪತ್ರೆ ಕಟ್ಟಿದ ಹೆಂಗಸರು

ವೇದಿಕೆಯ ಮೇಲಿರುವ ಹಿರಿಯರೇ, ಮಹಿಳಾ ಸಮಾಜದ ಅಕ್ಕತಂಗಿಯರೇ, ಹಿಂದಿನ ಸಾಲುಗಳಲ್ಲಿ ಕೂತಿರುವ ನರ್ಸಿಂಗ್ ಓದುವ ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಚೆನ್ನೈನ ಅಡ್ಯಾರಿನಲ್ಲಿರುವ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಬಗ್ಗೆ ಮಾತಾಡುತ್ತೇನೆ. ನಿಮ್ಮಲ್ಲಿ ಕೆಲವರ ಮನೆಯವರು ಅಲ್ಲಿಗೆ ಹೋಗಿ ಬಂದಿರಬಹುದು. ಆ ಆಸ್ಪತ್ರೆಯ ಪೂರ್ತಿ ಹೆಸರಿನ ಕೊನೆಯಲ್ಲಿ ಡಬ್ಲ್ಯು.ಐ.ಎ. ಅಂತ ಮೂರು ಅಕ್ಷರಗಳಿವೆ. ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ ಅಂತ ಅದರ ಅರ್ಥ. ನಮ್ಮ ಊರುಗಳ ಮಹಿಳಾ ಸಮಾಜಗಳ ಥರದ್ದೇ ಒಂದು ಸಂಘ. ಚಂದಾ ಎತ್ತುವುದು, ಸಭೆ ಸೇರುವುದು, ಅರ್ಜಿ ಬರೆಯುವುದು, ಲೆಕ್ಕ ಇಡುವುದು ಅದರ ದಿನದ ಕೆಲಸ. ದಕ್ಷಿಣ ಭಾರತದ ಮೊದಲ ಕ್ಯಾನ್ಸರ್ ಆಸ್ಪತ್ರೆಯನ್ನು ಕಟ್ಟಿದ್ದು ಆ ಸಂಘ. ಸರ್ಕಾರ ಕಟ್ಟಲಿಲ್ಲ, ಅರಮನೆ ಕಟ್ಟಲಿಲ್ಲ, ಮಿಷನ್ ಕೂಡ ಕಟ್ಟಲಿಲ್ಲ.

ಇದು ಎಷ್ಟು ಅಪರೂಪ ಅಂತ ತಿಳಿಯಬೇಕಾದರೆ ಆ ಕಾಲದಲ್ಲಿ ಹೆಂಗಸರಿಗಾಗಿ ಇದ್ದ ಆಸ್ಪತ್ರೆಗಳನ್ನು ನೋಡಬೇಕು. ಬೆಂಗಳೂರಿನ ಸೇಂಟ್ ಮಾರ್ಥಾಸ್ 1886ರದ್ದು, ಕಟ್ಟಿದವರು ಕ್ರೈಸ್ತ ಸನ್ಯಾಸಿನಿಯರು. ವಾಣಿವಿಲಾಸ ಆಸ್ಪತ್ರೆ 1935ರದ್ದು, ಅದರ ಹಿಂದೆ ಮೈಸೂರು ಸರ್ಕಾರವಿತ್ತು, ಹೆಸರು ಮಹಾರಾಣಿಯವರದು. ಮದ್ರಾಸಿನಲ್ಲಿ ಗೋಷಾ ಹೆಂಗಸರಿಗೆ, ಅಂದರೆ ಪರದೆಯೊಳಗೇ ಇರುವ ಹೆಂಗಸರಿಗೆ ಅಂತ 1885ರಲ್ಲಿ ಆಸ್ಪತ್ರೆ ತೆರೆಸಿದವರು ಮೇರಿ ಶಾರ್ಲೀಬ್ ಎಂಬ ಇಂಗ್ಲಿಷ್ ಡಾಕ್ಟರು. ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯ ಕಥೆ ನಿಮಗೆ ಗೊತ್ತು, ಅದನ್ನು ಕಟ್ಟಿದವರು ಅಮೆರಿಕದ ಡಾಕ್ಟರು ಈಡಾ ಸ್ಕಡರ್. ಇವರೆಲ್ಲರ ಋಣ ನಮ್ಮ ಮೇಲಿದೆ. ಆದರೆ ಊರಿನ ಹೆಂಗಸರೇ ಒಟ್ಟಾಗಿ, ತಮ್ಮ ಹೆಸರಿನಲ್ಲೇ, ಅದೂ ಯಾರೂ ಮುಟ್ಟಲು ಇಷ್ಟಪಡದ ಒಂದು ಕಾಯಿಲೆಗೆ ಆಸ್ಪತ್ರೆ ಮಾಡುವುದು ಬೇರೆಯೇ ವಿಷಯ.

ಕಥೆ ಶುರುವಾಗುವುದು ಪುದುಕೋಟೆಯಲ್ಲಿ. ಅದು ಒಂದು ಚಿಕ್ಕ ಸಂಸ್ಥಾನ. ಮುಂದೆ ಈ ಆಸ್ಪತ್ರೆಗಾಗಿ ಮುಂದೆ ನಿಂತ ಮುತ್ತುಲಕ್ಷ್ಮಿ ಅಲ್ಲಿ 1886ರ ಜುಲೈ 30ರಂದು ಹುಟ್ಟಿದರು. ತಂದೆ ನಾರಾಯಣಸ್ವಾಮಿ ಅಯ್ಯರ್, ಊರಿನ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರು. ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದವರು. ಈ ಮದುವೆಯಿಂದಾಗಿ ತಂದೆಯ ಕಡೆಯವರು ಅವರನ್ನು ದೂರ ಮಾಡಿದರು. ಹುಡುಗಿ ಬೆಳೆದದ್ದು ತಾಯಿಯ ಕಡೆಯ ಜನರ ನಡುವೆ. ಆ ಹೆಂಗಸರ ಬದುಕು ಹೇಗಿರುತ್ತದೆ ಅಂತ ಹತ್ತಿರದಿಂದ ನೋಡುತ್ತಲೇ ದೊಡ್ಡವಳಾದಳು. ಮುಂದೆ ಶಾಸನಸಭೆಯಲ್ಲಿ ನಿಂತು ಮಾತಾಡುವಾಗ ಆಕೆಯ ದನಿಗೆ ಆ ಬಲ ಬಂದದ್ದು ಅಲ್ಲಿಂದ ಅಂತ ನನಗೆ ಅನ್ನಿಸುತ್ತದೆ.

ಮೆಟ್ರಿಕ್ ಆಯಿತು. ಮುಂದೆ ಓದಬೇಕಾದರೆ ಊರಿನಲ್ಲಿ ಇದ್ದದ್ದು ಗಂಡುಮಕ್ಕಳ ಕಾಲೇಜು ಒಂದೇ. ಹುಡುಗಿ ಬಂದರೆ ಹುಡುಗರು ಕೆಡುತ್ತಾರೆ ಅಂತ ಗಲಾಟೆ ಆಯಿತು. ತಾಯಿಯ ಜಾತಿಯನ್ನೂ ಎತ್ತಿ ಆಡಿದರು. ಕೊನೆಗೆ ಮಹಾರಾಜ ಮಾರ್ತಾಂಡ ಭೈರವ ತೊಂಡೈಮಾನ್ ಅವರೇ ಸೇರಿಸಿಕೊಳ್ಳಿ ಅಂತ ಹೇಳಿದ ಮೇಲೆ ಸೀಟು ಸಿಕ್ಕಿತು. 1907ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿಗೆ ಸೇರಿ, 1912ರಲ್ಲಿ ಪದಕಗಳೊಂದಿಗೆ ಡಾಕ್ಟರ್ ಆಗಿ ಹೊರಬಂದರು. ಇಲ್ಲಿ ಒಂದು ಮಾತು ಸರಿಪಡಿಸಬೇಕು. ಆ ಕಾಲೇಜಿಗೆ ಸೇರಿದ ಮೊದಲ ಹೆಣ್ಣುಮಗಳು ಇವರು ಅಂತ ಕೆಲವು ಕಡೆ ಬರೆಯುತ್ತಾರೆ. ಅದು ಸರಿಯಲ್ಲ. ಆ ಕಾಲೇಜು 1875ರಲ್ಲೇ ಹೆಂಗಸರನ್ನು ಸೇರಿಸಿಕೊಂಡಿತ್ತು. ಜಗದೀಶ್ ಚಂದ್ರ ಬೋಸರ ಹೆಂಡತಿ ಅಬಲಾ ಬೋಸ್ ಕೂಡ 1880ರ ದಶಕದಲ್ಲಿ ಅಲ್ಲೇ ಓದಿದ್ದರು. ಮುತ್ತುಲಕ್ಷ್ಮಿಯವರ ದೊಡ್ಡಸ್ತಿಕೆಗೆ ಇಲ್ಲದ ‘ಮೊದಲು’ ಯಾಕೆ ಬೇಕು?

1914ರಲ್ಲಿ ಡಾ. ಸುಂದರ ರೆಡ್ಡಿಯವರನ್ನು ಮದುವೆಯಾದರು. ನನ್ನನ್ನು ಸರಿಸಮಾನವಾಗಿ ನೋಡಬೇಕು, ನನ್ನ ಇಷ್ಟಕ್ಕೆ ಅಡ್ಡ ಬರಬಾರದು ಅಂತ ಮೊದಲೇ ಷರತ್ತು ಹಾಕಿದ್ದರು. ಅವರು ಒಪ್ಪಿದರು, ಆ ಮಾತನ್ನು ಉಳಿಸಿಕೊಂಡರು ಕೂಡ. ಇಬ್ಬರು ಗಂಡುಮಕ್ಕಳಾದರು. ಕಿರಿಯವನು ಕೃಷ್ಣಮೂರ್ತಿ, ಹುಟ್ಟಿದ್ದು 1919ರಲ್ಲಿ. ಈ ಹುಡುಗನ ಹೆಸರು ನೆನಪಿಡಿ.

ಈಗ ಒಬ್ಬ ತಂಗಿಯ ವಿಷಯ. ಮುತ್ತುಲಕ್ಷ್ಮಿಯವರಿಗೆ ಒಬ್ಬ ತಂಗಿ ಇದ್ದಳು. ಇನ್ನೂ ಚಿಕ್ಕ ವಯಸ್ಸು. ಹೊಟ್ಟೆ ಕೆಟ್ಟಿದೆ, ರಕ್ತ ಬೀಳುತ್ತಿದೆ ಅಂತ ತೋರಿಸಿದಾಗ ಡಾಕ್ಟರುಗಳು ಆಮಶಂಕೆ ಅಂದರು, ಅದಕ್ಕೇ ಔಷಧ ಕೊಟ್ಟರು. ನಿಜವಾಗಿ ಅದು ಗುದನಾಳದ ಕ್ಯಾನ್ಸರ್. ಗೊತ್ತಾಗುವಷ್ಟರಲ್ಲಿ ಕೈಮೀರಿತ್ತು. ಮನೆಯಲ್ಲೇ ಡಾಕ್ಟರಕ್ಕ ಇದ್ದಳು. ಆಕೆ ಹಗಲೂ ರಾತ್ರಿ ಆರೈಕೆ ಮಾಡಿದಳು. 1923ರಲ್ಲಿ ತಂಗಿ ಹೋಗಿಬಿಟ್ಟಳು.

ಇಷ್ಟು ಕೇಳಿದ ಕೂಡಲೇ ನಾವು ಏನಂದುಕೊಳ್ಳುತ್ತೇವೆ? ತಂಗಿ ಸತ್ತಳು, ಅಕ್ಕ ಆಸ್ಪತ್ರೆ ಕಟ್ಟಿದಳು ಅಂತ. ಎಲ್ಲ ಕಡೆ ಹೀಗೇ ಹೇಳುತ್ತಾರೆ. ಆದರೆ ತಂಗಿ ಸತ್ತದ್ದು 1923, ಆಸ್ಪತ್ರೆ ಬಾಗಿಲು ತೆರೆದದ್ದು 1954. ನಡುವೆ 31 ವರ್ಷ! ಇವತ್ತು ನನಗೆ ಹೇಳಬೇಕಾಗಿರುವುದು ಈ 31 ವರ್ಷದ ಕಥೆಯನ್ನೇ. ದುಃಖ ಎಲ್ಲರಿಗೂ ಬರುತ್ತದೆ. ಆ ದುಃಖ ಆಸ್ಪತ್ರೆ ಆಗಬೇಕಾದರೆ ಒಂದು ಸಂಘ ಬೇಕಾಯಿತು, ಕೇಳಿ ಕೇಳಿ ಬೇಸರ ಪಡದ ಹೆಂಗಸರು ಬೇಕಾಯಿತು.

ಆ ಸಂಘ ಶುರುವಾಗಿದ್ದು 1917ರಲ್ಲಿ, ಅಡ್ಯಾರಿನಲ್ಲೇ. ಅನಿ ಬೆಸೆಂಟ್, ಮಾರ್ಗರೆಟ್ ಕಸಿನ್ಸ್, ಡೊರೊತಿ ಜಿನರಾಜದಾಸ ಮುಂದೆ ನಿಂತವರು. ಇವರು ಹೊರಗಿನಿಂದ ಬಂದವರು ಅನ್ನುವುದು ನಿಜ. ಆದರೆ ಸಂಘ ಬೆಳೆದದ್ದು ಮದ್ರಾಸಿನ, ಸುತ್ತಲ ಊರುಗಳ ಗೃಹಿಣಿಯರಿಂದ, ಟೀಚರುಗಳಿಂದ, ಡಾಕ್ಟರುಗಳಿಂದ. ಅದೇ ವರ್ಷ ಡಿಸೆಂಬರಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತಮಂತ್ರಿ ಮಾಂಟೆಗ್ಯು ಮದ್ರಾಸಿಗೆ ಬಂದಾಗ ಸರೋಜಿನಿ ನಾಯ್ಡು ಅವರ ಮುಂದಾಳತ್ವದಲ್ಲಿ ಹೆಂಗಸರ ನಿಯೋಗ ಹೋಗಿ ಮತದ ಹಕ್ಕು ಕೇಳಿತು. ಆ ನಿಯೋಗದ ಹಿಂದೆ ಓಡಾಡಿದವರು ಮಾರ್ಗರೆಟ್ ಕಸಿನ್ಸ್. 1921ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಹೆಂಗಸರಿಗೆ ಮತ ಸಿಕ್ಕಿತು. ಆಸ್ತಿ ಇದ್ದ ಕೆಲವರಿಗೆ ಮಾತ್ರ. ಆದರೂ ಸಿಕ್ಕಿತು.

ಇದು ಬರೀ ತಮಿಳುನಾಡಿನ ಕಥೆ ಅಂತ ತಿಳಿಯಬೇಡಿ. ಆಗ ನಮ್ಮ ಮಂಗಳೂರು, ಉಡುಪಿ, ಬಳ್ಳಾರಿ ಎಲ್ಲ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು. 1926ರಲ್ಲಿ ಹೆಂಗಸರು ಚುನಾವಣೆಗೆ ನಿಲ್ಲಬಹುದು ಅಂತ ಆದಾಗ ಮಂಗಳೂರಿನಿಂದ ನಿಂತವರು ಕಮಲಾದೇವಿ ಚಟ್ಟೋಪಾಧ್ಯಾಯ. ವಯಸ್ಸು ಬರೀ 23. ಪ್ರಚಾರಕ್ಕೆ ಜೊತೆ ನಿಂತವರು ಅದೇ ಮಾರ್ಗರೆಟ್ ಕಸಿನ್ಸ್. ಕಮಲಾದೇವಿ ಸ್ವಲ್ಪ ಮತಗಳಲ್ಲಿ ಸೋತರು. ಅದೇ ಹೊತ್ತಿಗೆ ಸರ್ಕಾರ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರನ್ನು ಮದ್ರಾಸ್ ಶಾಸನಸಭೆಗೆ ನಾಮಕರಣ ಮಾಡಿತು. ಬ್ರಿಟಿಷ್ ಭಾರತದ ಮೊದಲ ಮಹಿಳಾ ಶಾಸಕಿ ಅವರೇ. ಸಭೆ ಅವರನ್ನು ಉಪಾಧ್ಯಕ್ಷೆಯಾಗಿ ಆರಿಸಿತು, ಒಮ್ಮತದಿಂದ.

ಅವರು ಶಾಸನಸಭೆಯಲ್ಲಿ ಏನೇನು ಮಾಡಿದರು ಅಂತ ಹೇಳುತ್ತಾ ಹೋದರೆ ಇನ್ನೊಂದು ಉಪನ್ಯಾಸ ಆಗುತ್ತದೆ. ದೇವದಾಸಿ ಪದ್ಧತಿಯ ವಿಷಯ ಒಂದನ್ನು ಬಿಡುವಂತಿಲ್ಲ. ಹೆಣ್ಣುಮಕ್ಕಳನ್ನು ದೇವಸ್ಥಾನಕ್ಕೆ ಬಿಡುವುದನ್ನು ನಿಲ್ಲಿಸಬೇಕು ಅಂತ 1927ರಲ್ಲಿ ಅವರು ನಿರ್ಣಯ ತಂದರು. ಸತ್ಯಮೂರ್ತಿಯವರಂಥ ದೊಡ್ಡ ಕಾಂಗ್ರೆಸ್ ನಾಯಕರೇ ಒಪ್ಪಲಿಲ್ಲ. ಇನ್ನೊಂದು ಕಡೆಯಿಂದಲೂ ವಿರೋಧ ಬಂತು. ನಂಜನಗೂಡಿನಲ್ಲಿ ಹುಟ್ಟಿದ, ಮದ್ರಾಸಿನಲ್ಲಿ ಹೆಸರು ಮಾಡಿದ ನಮ್ಮ ಬೆಂಗಳೂರು ನಾಗರತ್ನಮ್ಮ ದೇವದಾಸಿಯರ ಸಂಘದ ಪರವಾಗಿ ಸರ್ಕಾರಕ್ಕೆ ಮನವಿ ಕೊಟ್ಟರು. ನಮ್ಮ ಕಲೆ, ನಮ್ಮ ಆಸ್ತಿಯ ಹಕ್ಕು, ನಮ್ಮ ಮರ್ಯಾದೆ ಇವನ್ನೆಲ್ಲ ಒಂದೇ ಏಟಿಗೆ ಕಿತ್ತುಕೊಳ್ಳಬೇಡಿ ಅನ್ನುವುದು ಅವರ ವಾದ. ನಾಗರತ್ನಮ್ಮನವರ ಮಾತಿನಲ್ಲಿ ಸತ್ಯವಿತ್ತು. ಕಾನೂನು ಬಂದ ಮೇಲೆ ಎಷ್ಟೋ ಕಲಾವಿದೆಯರು ಬೀದಿಗೆ ಬಿದ್ದರು. ಹಾಗಂತ ಮುತ್ತುಲಕ್ಷ್ಮಿಯವರು ಹೇಳಿದ್ದೂ ಸುಳ್ಳಲ್ಲ. ಏನೂ ತಿಳಿಯದ ಮಕ್ಕಳನ್ನು ಒಪ್ಪಿಗೆಯಿಲ್ಲದೆ ಆ ಬದುಕಿಗೆ ತಳ್ಳುವುದು ನಡೆಯುತ್ತಲೇ ಇತ್ತು. ಇಬ್ಬರೂ ಒಂದೇ ನೋವಿನ ಎರಡು ಮಗ್ಗುಲಿನಿಂದ ಮಾತಾಡುತ್ತಿದ್ದರು. ಕಾನೂನು ಆದದ್ದು 1947ರಲ್ಲಿ, ಅದಕ್ಕೂ 20 ವರ್ಷ ಬೇಕಾಯಿತು.

1930ರಲ್ಲಿ ಗಾಂಧೀಜಿಯವರನ್ನು ಬಂಧಿಸಿದಾಗ ಮುತ್ತುಲಕ್ಷ್ಮಿ ಶಾಸನಸಭೆಗೆ ರಾಜೀನಾಮೆ ಕೊಟ್ಟರು. ಅದೇ ಸುಮಾರಿಗೆ ದೇವದಾಸಿ ಬದುಕು ಬೇಡ ಅಂತ ಬಿಟ್ಟು ಬಂದ ಹುಡುಗಿಯರು ಅವರ ಮನೆ ಬಾಗಿಲಿಗೆ ಬಂದರು. ಹಾಸ್ಟೆಲುಗಳು ಸೇರಿಸಿಕೊಳ್ಳಲು ಹಿಂಜರಿದವು. ಆಗ ಶುರುವಾದದ್ದು ಅವ್ವೈ ಇಲ್ಲಂ ಎಂಬ ಆಶ್ರಯ. ಮುಂದೆ ಅದು ಅಡ್ಯಾರಿಗೆ ಬಂತು, ಶಾಲೆಯಾಗಿ ಬೆಳೆಯಿತು. ಆಸ್ಪತ್ರೆಯ ಕಥೆಗೆ ಇದೂ ಬೇಕು. ಯಾಕೆಂದರೆ ಮನೆ ಹುಡುಕುವುದು, ಬಾಡಿಗೆ ಹೊಂದಿಸುವುದು, ಅನ್ನದ ಖರ್ಚಿಗೆ ಪ್ರತಿ ತಿಂಗಳೂ ಜನರನ್ನು ಕೇಳುವುದು, ಇದನ್ನೆಲ್ಲ ಅವರು ಮತ್ತು ಅವರ ಗೆಳತಿಯರು ಕಲಿತದ್ದು ಇಂಥ ಕೆಲಸಗಳಲ್ಲಿ. ಒಮ್ಮೆ ಹಣ ಎತ್ತಿ ಕಟ್ಟಡ ಮಾಡುವುದು ಒಂದು ರೀತಿ. ನಡೆಸಿಕೊಂಡು ಹೋಗುವುದೇ ಬೇರೆ ರೀತಿ. ಸಂಘ ನಡೆಸಿದವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ಯಾನ್ಸರ್ ವಿಷಯವನ್ನು ಅವರು ಮರೆತಿರಲಿಲ್ಲ. 1925ರಲ್ಲಿ ಹೆಚ್ಚಿನ ತರಬೇತಿಗೆ ಲಂಡನ್ನಿಗೆ ಹೋದಾಗ ಅಲ್ಲಿನ ಕ್ಯಾನ್ಸರ್ ಆಸ್ಪತ್ರೆಯನ್ನು ನೋಡಿದರು. ಬೇಗ ಹಿಡಿದರೆ ಈ ಕಾಯಿಲೆ ವಾಸಿಯಾಗುತ್ತದೆ ಅಂತ ಕಣ್ಣಾರೆ ಕಂಡರು. ನಮ್ಮಲ್ಲಿ ಆಗ ಹಾಗೆ ಯಾರೂ ಯೋಚಿಸುತ್ತಿರಲಿಲ್ಲ. 1935ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ನೂರು ವರ್ಷದ ಸಮಾರಂಭ ನಡೆಯಿತು. ಅಲ್ಲಿ ನಿಂತು, ಈ ಊರಿಗೆ ಒಂದು ಕ್ಯಾನ್ಸರ್ ಆಸ್ಪತ್ರೆ ಬೇಕು ಅಂತ ಬಹಿರಂಗವಾಗಿ ಕೇಳಿದರು. ಏನೂ ಆಗಲಿಲ್ಲ. ಯುದ್ಧ ಬಂತು, ಸ್ವಾತಂತ್ರ್ಯ ಬಂತು. ಬೊಂಬಾಯಿಯಲ್ಲಿ 1941ರಲ್ಲಿ ಟಾಟಾ ಆಸ್ಪತ್ರೆ ತೆರೆಯಿತು. ಕಲ್ಕತ್ತೆಯಲ್ಲಿ 1950ರಲ್ಲಿ ಚಿತ್ತರಂಜನ್ ಕ್ಯಾನ್ಸರ್ ಆಸ್ಪತ್ರೆ ಆಯಿತು. ದಕ್ಷಿಣದಲ್ಲಿ ಮಾತ್ರ ಇಂಥದ್ದೊಂದು ಇರಲಿಲ್ಲ. ಇಲ್ಲಿನ ರೋಗಿ ಬೊಂಬಾಯಿಗೆ ರೈಲು ಹತ್ತಬೇಕು. ಎಷ್ಟು ಜನ ಹತ್ತಿಯಾರು? ಅದರಲ್ಲೂ ಹೆಂಗಸರು?

ಈ ‘ಅದರಲ್ಲೂ ಹೆಂಗಸರು’ ಅನ್ನುವುದರ ಹತ್ತಿರ ಸ್ವಲ್ಪ ನಿಲ್ಲೋಣ. ಆ ಕಾಲದಲ್ಲಿ ನಮ್ಮ ಹೆಂಗಸರಿಗೆ ಹೆಚ್ಚಾಗಿ ಬರುತ್ತಿದ್ದದ್ದು ಗರ್ಭಕೋಶದ ಬಾಯಿಯ ಕ್ಯಾನ್ಸರ್. ಆಮೇಲೆ ಸ್ತನದ್ದು, ಎಲೆಅಡಿಕೆ ಹೊಗೆಸೊಪ್ಪಿನಿಂದ ಬರುವ ಬಾಯಿಯದ್ದು. ಮೊದಲ ಎರಡನ್ನು ಗಂಡಸು ಡಾಕ್ಟರ ಮುಂದೆ ಹೇಳುವುದಿರಲಿ, ಗಂಡನ ಹತ್ತಿರ ಹೇಳುವುದಕ್ಕೂ ನಾಚಿಕೆ. ಬಿಳಿ ಹೋಗುವುದು, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣಿಸಿಕೊಳ್ಳುವುದು, ಎದೆಯಲ್ಲಿ ನೋವಿಲ್ಲದ ಗಂಟು. ನೋವಿಲ್ಲ ಅಂದ ಮೇಲೆ ಯಾಕೆ ಹೇಳಬೇಕು ಅಂತ ಸುಮ್ನೆ ಇದ್ದುಬಿಡುತ್ತಿದ್ದರು. ನೋವು ಬಂದು ಬಾಯಿಬಿಡುವ ಹೊತ್ತಿಗೆ ತಡವಾಗಿರುತ್ತಿತ್ತು. ಇವತ್ತೂ ನಮ್ಮ ಹಳ್ಳಿಗಳಲ್ಲಿ ಇದು ಪೂರ್ತಿ ಹೋಗಿಲ್ಲ, ಅಲ್ವಾ? ಅದಕ್ಕೇ ಈ ಆಸ್ಪತ್ರೆಯನ್ನು ಹೆಂಗಸರ ಸಂಘವೊಂದು ಕೈಗೆತ್ತಿಕೊಂಡದ್ದು ಆಕಸ್ಮಿಕ ಅಂತ ನಾನು ಒಪ್ಪುವುದಿಲ್ಲ. ಯಾರ ಮನೆಯಲ್ಲಿ ಯಾವ ಹೆಂಗಸು ಯಾವುದನ್ನು ಮುಚ್ಚಿಟ್ಟುಕೊಂಡು ನರಳುತ್ತಿದ್ದಾಳೆ ಅನ್ನುವುದು ಮೊದಲು ಗೊತ್ತಾಗುವುದು ಇಂಥ ಸಂಘಗಳಿಗೇ.

1949ರಲ್ಲಿ ಸಂಘ ಕ್ಯಾನ್ಸರ್ ಪರಿಹಾರ ನಿಧಿ ಶುರು ಮಾಡಿತು. ಮುತ್ತುಲಕ್ಷ್ಮಿಯವರಿಗೆ ಆಗ 60 ದಾಟಿತ್ತು. ದೊಡ್ಡ ಮನೆಗಳಿಗೂ ಹೋದರು, ಸಾಮಾನ್ಯರ ಹತ್ತಿರವೂ ಕೈಚಾಚಿದರು. ಸರ್ಕಾರದ ಬಾಗಿಲಿಗೂ ಹೋದರು. ಆಗಿನ ಒಂದು ಪ್ರಸಂಗವನ್ನು ಆಸ್ಪತ್ರೆಯವರು ಇವತ್ತಿಗೂ ನೆನೆಯುತ್ತಾರೆ. ಕ್ಯಾನ್ಸರ್ ಆಸ್ಪತ್ರೆಗೆ ಯಾಕೆ ಹಣ ಕೊಡಬೇಕು, ಆ ಕಾಯಿಲೆ ಬಂದವರು ಹೇಗೂ ಸಾಯುತ್ತಾರಲ್ಲ ಅಂತ ಮಂತ್ರಿಯೊಬ್ಬರು ಕೇಳಿದರಂತೆ. ಆ ಮಾತಿಗೆ ಇವತ್ತು ನಮಗೆ ಸಿಟ್ಟು ಬರುತ್ತದೆ. ಆದರೆ ಆಗ ಅದು ಒಬ್ಬ ಮಂತ್ರಿಯ ಮಾತು ಮಾತ್ರ ಆಗಿರಲಿಲ್ಲ. ಎಷ್ಟೋ ಡಾಕ್ಟರುಗಳೂ ಮನಸ್ಸಿನಲ್ಲಿ ಹಾಗೇ ಅಂದುಕೊಂಡಿದ್ದರು. ಮಲೇರಿಯಾ, ಕ್ಷಯ, ಕಾಲರಾ ಜನರನ್ನು ಸಾಲುಸಾಲಾಗಿ ಕೊಲ್ಲುತ್ತಿದ್ದ ಕಾಲ ಅದು. ಇರುವ ನಾಲ್ಕು ಕಾಸನ್ನು ವಾಸಿಯಾಗದ ಕಾಯಿಲೆಗೆ ಯಾಕೆ ಹಾಕಬೇಕು ಅನ್ನುವ ಪ್ರಶ್ನೆಗೆ ಉತ್ತರ ಕೊಡಬೇಕಿತ್ತು. ಸಂಘದ ಹೆಂಗಸರು ವಾದ ಮಾಡಿ ಗೆಲ್ಲಲು ಕಾಯಲಿಲ್ಲ. ಆಸ್ಪತ್ರೆ ಮಾಡಿ, ವಾಸಿಯಾದ ರೋಗಿಗಳನ್ನು ಮನೆಗೆ ಕಳಿಸಿ ಉತ್ತರ ಕೊಟ್ಟರು.

1952ರ ಅಕ್ಟೋಬರ್ 10ರಂದು ಪ್ರಧಾನಿ ನೆಹರೂ ಬಂದು ಅಡಿಗಲ್ಲು ಹಾಕಿದರು. 1954ರ ಜೂನ್ 18ರಂದು ಆಸ್ಪತ್ರೆ ತೆರೆಯಿತು. ಹೇಗಿತ್ತು ಅಂತೀರಿ? ಒಂದು ಪುಟ್ಟ ಕಟ್ಟಡ, ಸುತ್ತ ಕೆಲವು ಗುಡಿಸಲು. ಹಾಸಿಗೆ 12. ಪಕ್ಕದಲ್ಲಿ ಬಕಿಂಗ್‌ಹ್ಯಾಮ್ ಕಾಲುವೆ. ಇವತ್ತು ಅಡ್ಯಾರು ಅಂದರೆ ಊರಿನ ನಟ್ಟನಡು. ಆಗ ಅದು ಊರಿನ ಹೊರವಲಯ. ನಡೆಸುವುದಕ್ಕೆ ಇದ್ದವರು ಇಬ್ಬರೇ ಡಾಕ್ಟರು. ಒಬ್ಬರು ಆಗಲೇ ಹೇಳಿದ ಕೃಷ್ಣಮೂರ್ತಿ. ತಾಯಿಯ ಆಸೆಯನ್ನೇ ತನ್ನ ಕೆಲಸ ಮಾಡಿಕೊಂಡು, ಹೊರದೇಶದಲ್ಲಿ ಕ್ಯಾನ್ಸರ್ ಚಿಕಿತ್ಸೆಯ ತರಬೇತಿ ಪಡೆದು ಬಂದಿದ್ದರು. ಇನ್ನೊಬ್ಬರು ವಿ. ಶಾಂತಾ.

ಶಾಂತಾ ಅವರ ವಿಷಯ ಹೇಳಲೇಬೇಕು. 1927ರಲ್ಲಿ ಮೈಲಾಪುರದಲ್ಲಿ ಹುಟ್ಟಿದವರು. ಮನೆತನ ಎಂಥದ್ದು ಅಂದರೆ, ಬೆಂಗಳೂರಿನಲ್ಲಿ ನೆಲೆಸಿದ್ದ ಸಿ. ವಿ. ರಾಮನ್ ಅವರ ಅಣ್ಣನ ಮೊಮ್ಮಗಳು. ನೊಬೆಲ್ ಪಡೆದ ಇನ್ನೊಬ್ಬ ವಿಜ್ಞಾನಿ ಎಸ್. ಚಂದ್ರಶೇಖರ್ ಸೋದರಮಾವ. 1949ರಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಹೆರಿಗೆ ಮತ್ತು ಸ್ತ್ರೀರೋಗದಲ್ಲಿ ಎಂ.ಡಿ. ಮಾಡಿದರು. ಆಗ ಹೆಣ್ಣು ಡಾಕ್ಟರು ಅಂದರೆ ಹೆರಿಗೆ ಡಾಕ್ಟರು ಅಂತಲೇ ಲೆಕ್ಕ. ಪಬ್ಲಿಕ್ ಸರ್ವಿಸ್ ಕಮಿಷನ್ ಪರೀಕ್ಷೆ ಪಾಸಾಗಿ ಎಗ್ಮೋರಿನ ಹೆಂಗಸರ ಆಸ್ಪತ್ರೆಯಲ್ಲಿ ಸರ್ಕಾರಿ ಕೆಲಸವೂ ಸಿಕ್ಕಿತ್ತು. ಖಾಯಂ ನೌಕರಿ, ಪಿಂಚಣಿ, ಮರ್ಯಾದೆ. ಅದನ್ನು ಬಿಟ್ಟು 12 ಹಾಸಿಗೆಯ ಗುಡಿಸಲು ಆಸ್ಪತ್ರೆಗೆ ಬಂದರು. ಸುತ್ತಲಿದ್ದವರಿಗೆ ಅದು ಹುಚ್ಚಾಟ ಅಂತ ಕಂಡಿತು. 1955ರ ಏಪ್ರಿಲ್‌ನಲ್ಲಿ ಆಸ್ಪತ್ರೆಯ ಆವರಣಕ್ಕೇ ವಾಸಕ್ಕೆ ಬಂದರು. 2021ರ ಜನವರಿ 19ರಂದು ತೀರಿಕೊಳ್ಳುವವರೆಗೂ ಅದೇ ಅವರ ಮನೆ. ಮದುವೆಯಾಗಲಿಲ್ಲ. 93 ವರ್ಷ ಬದುಕಿದರು. ಪದ್ಮವಿಭೂಷಣ, ಮ್ಯಾಗ್ಸೆಸೆ ಎಲ್ಲ ಬಂದವು. ನನಗೆ ಆ ಪಟ್ಟಿಗಿಂತ ದೊಡ್ಡದಾಗಿ ಕಾಣುವುದು, ರಾತ್ರಿ ಎಷ್ಟು ಹೊತ್ತಿಗೆ ಕರೆದರೂ ವಾರ್ಡಿಗೆ ನಡೆದು ಬರುವಷ್ಟು ಹತ್ತಿರದಲ್ಲಿ ಒಬ್ಬ ಡಾಕ್ಟರು ಇಡೀ ಬದುಕು ಕಳೆದದ್ದು.

ಆಸ್ಪತ್ರೆ ಬೆಳೆದ ಬಗೆಯಲ್ಲಿ ಒಂದು ಯಂತ್ರಕ್ಕೆ ದೊಡ್ಡ ಪಾತ್ರವಿದೆ. ನರ್ಸಿಂಗ್ ಮಕ್ಕಳು ಇದನ್ನು ಗಮನಿಸಿ. ಆಗ ಬಳಕೆಯಲ್ಲಿದ್ದ ಎಕ್ಸ್-ರೇ ಚಿಕಿತ್ಸೆಯಲ್ಲಿ ಒಂದು ತೊಂದರೆ ಇತ್ತು. ಕಿರಣದ ಶಕ್ತಿ ಜಾಸ್ತಿ ಚರ್ಮದ ಮೇಲೇ ಬೀಳುತ್ತಿತ್ತು. ಒಳಗಿನ ಗಡ್ಡೆಗೆ ಬೇಕಾದಷ್ಟು ತಲುಪಿಸಲು ಹೋದರೆ ಮೇಲಿನ ಚರ್ಮ ಸುಡುತ್ತಿತ್ತು. ಕೋಬಾಲ್ಟ್-60 ಎಂಬ ವಿಕಿರಣ ವಸ್ತುವಿನಿಂದ ಬರುವ ಗಾಮಾ ಕಿರಣ ಇನ್ನೂ ಆಳಕ್ಕೆ ಹೋಗುತ್ತದೆ, ಚರ್ಮಕ್ಕೆ ಅಷ್ಟು ಪೆಟ್ಟು ಕೊಡುವುದಿಲ್ಲ. ಗರ್ಭಕೋಶದಂಥ ಒಳಭಾಗದ ಕ್ಯಾನ್ಸರಿಗೆ ಇದು ದೊಡ್ಡ ವರ. 1957ರಲ್ಲಿ ಕೆನಡಾದಿಂದ ಕೊಡುಗೆಯಾಗಿ ಎಲ್ಡೊರಾಡೊ ಎಂಬ ಕೋಬಾಲ್ಟ್ ಯಂತ್ರ ಅಡ್ಯಾರಿಗೆ ಬಂತು. ಏಷ್ಯಾದಲ್ಲೇ ಅದು ಮೊದಲನೆಯದು ಅಂತ ಸಂಸ್ಥೆಯವರು ಹೆಮ್ಮೆಯಿಂದ ಹೇಳುತ್ತಾರೆ. ಮೂರು ವರ್ಷದ ಹಿಂದೆ ಶುರುವಾದ ಸಂಘದ ಆಸ್ಪತ್ರೆಯೊಳಗೆ ಅಂಥ ಯಂತ್ರ!

ಆದರೆ ಕೊಡುಗೆ ಬಂದರೆ ಖರ್ಚು ಮುಗಿಯಿತು ಅಂತಲ್ಲ. ಕೋಬಾಲ್ಟ್ ದಿನದಿನಕ್ಕೂ ಸವೆಯುತ್ತದೆ. ತಿಂಗಳಿಗೆ ಸುಮಾರು ನೂರಕ್ಕೆ ಒಂದು ಪಾಲು ಶಕ್ತಿ ಕಡಿಮೆಯಾಗುತ್ತಾ ಹೋಗಿ, 5 ವರ್ಷ ಚಿಲ್ಲರೆಗೆ ಅರ್ಧಕ್ಕೆ ಇಳಿಯುತ್ತದೆ. ಶಕ್ತಿ ಇಳಿದ ಹಾಗೆ ಒಬ್ಬೊಬ್ಬ ರೋಗಿಯನ್ನೂ ಯಂತ್ರದ ಕೆಳಗೆ ಹೆಚ್ಚು ಹೊತ್ತು ಮಲಗಿಸಬೇಕು. ಹೊರಗೆ ಸಾಲು ಉದ್ದವಾಗುತ್ತದೆ. ಕೊನೆಗೆ ಹೊಸ ಕೋಬಾಲ್ಟ್ ತರಿಸಲೇಬೇಕು. ದೇಣಿಗೆಯಿಂದ ನಡೆಯುವ ಆಸ್ಪತ್ರೆಗೆ ಇದು ಎಂಥ ಭಾರ ಅಂತ ಯೋಚಿಸಿ. ಅಂದರೆ ಹಣ ಎತ್ತುವ ಕೆಲಸ ಕಟ್ಟಡದ ಜೊತೆ ಮುಗಿಯಲಿಲ್ಲ, ಯಾವತ್ತೂ ಮುಗಿಯುವ ಹಾಗಿರಲಿಲ್ಲ.

ಹಣದ ವಿಷಯದಲ್ಲಿ ಅವರು ಮೊದಲಿಂದ ಇಟ್ಟುಕೊಂಡ ಕ್ರಮ ಸರಳ. ಕೊಡುವ ಶಕ್ತಿ ಇರುವವರು ಕೊಡಲಿ. ಇಲ್ಲದವರಿಗೆ ಉಚಿತ, ಇಲ್ಲ ಅಂದರೆ ಕೈಗೆಟಕುವಷ್ಟು. ಚಿಕಿತ್ಸೆ ಇಬ್ಬರಿಗೂ ಒಂದೇ. ಶಾಂತಾ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದ 2005ರ ಹೊತ್ತಿಗೆ ಹಾಸಿಗೆಗಳು 400 ದಾಟಿದ್ದವು. ವರ್ಷಕ್ಕೆ ಸುಮಾರು ಒಂದು ಲಕ್ಷ ಜನ ಬರುತ್ತಿದ್ದರು. ನೂರಕ್ಕೆ ಅರವತ್ತು ಜನರಿಗೆ ಉಚಿತವಾಗಿ ಅಥವಾ ರಿಯಾಯಿತಿಯಲ್ಲಿ ಚಿಕಿತ್ಸೆ ಸಿಗುತ್ತಿತ್ತು.

ಧರ್ಮಾಸ್ಪತ್ರೆ ಅಂದರೆ ಕಡಿಮೆ ದರ್ಜೆಯ ಆಸ್ಪತ್ರೆ ಅಂತ ನಮ್ಮಲ್ಲಿ ಒಂದು ಭಾವನೆ ಇದೆ. ಅಡ್ಯಾರು ಅದನ್ನು ಒಪ್ಪಲಿಲ್ಲ. ಬಡವರಿಗೆ ಅಂತ ಕಟ್ಟಿದ ಆಸ್ಪತ್ರೆಯಲ್ಲಿ ಸಂಶೋಧನೆಯೂ ನಡೆಯಬೇಕು ಅಂತ ಕೃಷ್ಣಮೂರ್ತಿ ಮತ್ತು ಶಾಂತಾ ಹಟ ಹಿಡಿದರು. ಬಾಯಿ ಕ್ಯಾನ್ಸರಿಗೆ ವಿಕಿರಣದ ಜೊತೆಗೇ ಔಷಧ ಸೇರಿಸಿ ಕೊಡುವುದನ್ನು ಬಹಳ ಬೇಗ ಪ್ರಯೋಗ ಮಾಡಿದವರಲ್ಲಿ ಇವರೂ ಇದ್ದಾರೆ. ಬಾಯಿ ಕ್ಯಾನ್ಸರ್ ನಮ್ಮ ದೇಶದ ಬಡವರ ಕಾಯಿಲೆ. ಹೊರದೇಶದವರು ಬಂದು ಇದಕ್ಕೆ ದಾರಿ ಹುಡುಕಲಿ ಅಂತ ಕೂರುವ ಹಾಗಿರಲಿಲ್ಲ. 1960ರಲ್ಲಿ ಮಕ್ಕಳ ಕ್ಯಾನ್ಸರಿಗೆ ಬೇರೆ ವಿಭಾಗ ಶುರುವಾಯಿತು, ದೇಶದಲ್ಲೇ ಮೊದಲು. ಮುಂದೆ 1980ರ ದಶಕದಲ್ಲಿ ಮಕ್ಕಳ ರಕ್ತದ ಕ್ಯಾನ್ಸರಿಗೆ ಮುಂಬೈನ ಟಾಟಾ, ದೆಹಲಿಯ ಏಮ್ಸ್ ಮತ್ತು ಅಡ್ಯಾರು ಮೂರೂ ಕೂಡಿ ಒಂದೇ ಚಿಕಿತ್ಸಾ ಕ್ರಮವನ್ನು ಪಾಲಿಸಿದವು. ನಮ್ಮ ಆಸ್ಪತ್ರೆಗಳು ಕೊಡಬಲ್ಲ ಔಷಧ, ನಮ್ಮ ಮಕ್ಕಳ ಮೈ ತಡೆಯಬಲ್ಲ ಪ್ರಮಾಣ ಇವನ್ನು ಲೆಕ್ಕ ಹಾಕಿ ಮಾಡಿದ ಕ್ರಮ ಅದು. ಬದುಕಿ ಉಳಿಯುವ ಮಕ್ಕಳ ಸಂಖ್ಯೆ ಅದರಿಂದ ಬಹಳ ಏರಿತು. 1984ರಲ್ಲಿ ಕ್ಯಾನ್ಸರ್ ತಜ್ಞರನ್ನು ತಯಾರು ಮಾಡುವ ಕಾಲೇಜು ಆಯಿತು.

ಆಸ್ಪತ್ರೆಯ ಗೋಡೆಯಿಂದ ಆಚೆಗೂ ಹೋದರು. 1960ರ ದಶಕದ ಶುರುವಿನಲ್ಲೇ ಕಾಂಚೀಪುರದ ಸುತ್ತಲ ಹಳ್ಳಿಗಳಲ್ಲಿ ಕ್ಯಾನ್ಸರ್ ಸಮೀಕ್ಷೆ ಮಾಡಿದರು. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಿಗೆ ಗರ್ಭಕೋಶದ ಬಾಯಿಯನ್ನು ಪರೀಕ್ಷೆ ಮಾಡುವುದನ್ನು ಕಲಿಸಿದರು. ರೋಗಿ ತಾನಾಗಿ ಬರುವವರೆಗೆ ಕಾದರೆ ತಡವಾಗುತ್ತದೆ ಅನ್ನುವುದು ಆ ತಂಗಿಯ ಕಾಲದಿಂದ ಅವರಿಗೆ ಗೊತ್ತಿತ್ತಲ್ಲ.

ಇಲ್ಲಿಂದ ಕಥೆ ಮತ್ತೆ ನಮ್ಮ ಕಡೆ ತಿರುಗುತ್ತದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಶುರುವಾದದ್ದು 1973ರಲ್ಲಿ. ಅಲ್ಲಿಯವರೆಗೆ ಕೋಲಾರ, ಬೆಂಗಳೂರು ಕಡೆಯವರಿಗೆ ಹತ್ತಿರದ ಪೂರ್ಣ ಕ್ಯಾನ್ಸರ್ ಆಸ್ಪತ್ರೆ ಅಂದರೆ ಅಡ್ಯಾರೇ. 1980ರ ದಶಕದ ಶುರುವಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಊರೊಂದರ ಕ್ಯಾನ್ಸರ್ ರೋಗಿಗಳನ್ನೆಲ್ಲ ಲೆಕ್ಕ ಇಡುವ ನೋಂದಣಿಗಳನ್ನು ಶುರು ಮಾಡಿತು. ಮೊದಲು ಆರಿಸಿದ ಊರುಗಳು ಮೂರು, ಬೊಂಬಾಯಿ, ಮದ್ರಾಸು, ಬೆಂಗಳೂರು. ಮದ್ರಾಸಿನ ನೋಂದಣಿ ಅಡ್ಯಾರಿನಲ್ಲಿ, ಬೆಂಗಳೂರಿನದ್ದು ಕಿದ್ವಾಯಿಯಲ್ಲಿ. ಈ ಲೆಕ್ಕ ಇಡುವುದು ಬಹಳ ತಾಳ್ಮೆ ಬೇಡುವ ಕೆಲಸ. ಆಸ್ಪತ್ರೆ ಆಸ್ಪತ್ರೆಗೆ, ಲ್ಯಾಬಿಗೆ, ಮರಣ ದಾಖಲೆ ಇಡುವ ಕಚೇರಿಗೆ ಹೋಗಿ ಒಂದೊಂದೇ ಹೆಸರು ಬರೆದುಕೊಂಡು ಬರಬೇಕು. ಒಬ್ಬರನ್ನೇ ಎರಡು ಸಲ ಎಣಿಸಬಾರದು, ಯಾರನ್ನೂ ಬಿಡಬಾರದು. ರೋಗಿಗೆ ಇದರಿಂದ ಅವತ್ತೇ ಏನೂ ಸಿಗುವುದಿಲ್ಲ. ಆದರೆ ಯಾವ ಕ್ಯಾನ್ಸರ್ ಏರುತ್ತಿದೆ, ಯಾವುದು ಇಳಿಯುತ್ತಿದೆ ಅಂತ ತಿಳಿಯುವುದು ಇದರಿಂದಲೇ.

ಆ ಲೆಕ್ಕಗಳು ಏನು ಹೇಳುತ್ತವೆ ಗೊತ್ತಾ? ಶುರುವಿನಲ್ಲಿ ಚೆನ್ನೈ, ಬೆಂಗಳೂರು ಎರಡು ಕಡೆಯೂ ಹೆಂಗಸರಲ್ಲಿ ಮೊದಲ ಸ್ಥಾನ ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ. ವರ್ಷ ಕಳೆದ ಹಾಗೆ ಅದು ಇಳಿಯಿತು, ಸ್ತನ ಕ್ಯಾನ್ಸರ್ ಮೇಲೆ ಬಂತು. ಇಳಿದದ್ದಕ್ಕೆ ಹಲವು ಕಾರಣಗಳಿವೆ. ಮದುವೆಯ ವಯಸ್ಸು ಏರಿತು, ಹೆರಿಗೆಗಳು ಕಡಿಮೆಯಾದವು, ಸ್ನಾನಕ್ಕೆ, ಶುಚಿಗೆ ನೀರು ಸಿಕ್ಕಿತು. ಇವನ್ನು ಒಮ್ಮೆ ಮತ್ತೆ ನೋಡಿ. ಎಳೆಯ ವಯಸ್ಸಿನ ಮದುವೆ ನಿಲ್ಲಬೇಕು ಅಂತ 1920ರ ದಶಕದಲ್ಲೇ ಈ ಸಂಘ ಕೂಗಿ ಹೇಳುತ್ತಿತ್ತು. ಆಗ ಅವರ ಮನಸ್ಸಿನಲ್ಲಿ ಕ್ಯಾನ್ಸರ್ ಇರಲಿಲ್ಲ, ಹುಡುಗಿಯರ ಓದು ಮತ್ತು ಜೀವ ಇತ್ತು. ಆದರೂ ಅವರ ಆ ಹೋರಾಟ ಮತ್ತು ಅವರ ಆಸ್ಪತ್ರೆ, ಎರಡೂ ಕೊನೆಗೆ ಒಂದೇ ಹೆಂಗಸನ್ನು ಕಾಪಾಡಿದವು. ಓದುವಾಗ ಇದು ಹೊಳೆದು ನನಗೆ ಬಹಳ ಸಂತೋಷವಾಯಿತು.

ಮುತ್ತುಲಕ್ಷ್ಮಿ ರೆಡ್ಡಿಯವರು 1968ರ ಜುಲೈ 22ರಂದು ತೀರಿಕೊಂಡರು. ಆಸ್ಪತ್ರೆ ತೆರೆದ ಮೇಲೆ 14 ವರ್ಷ ಅದನ್ನು ನೋಡುವ ಭಾಗ್ಯ ಅವರಿಗಿತ್ತು. ಕೃಷ್ಣಮೂರ್ತಿಯವರು 2010ರಲ್ಲಿ ಹೋದರು. ಶಾಂತಾ ಅವರ ವಿಷಯ ಆಗಲೇ ಹೇಳಿದೆ. ಈ ಮೂವರ ಹೆಸರು ನಮಗೆ ಗೊತ್ತಿದೆ. ಚಂದಾ ಎತ್ತಲು ಮನೆ ಮನೆ ಹತ್ತಿ ಇಳಿದವರು, ಸಭೆಗೆ ಕುರ್ಚಿ ಹಾಕಿಸಿದವರು, ರೋಗಿಗಳಿಗೆ ಬಟ್ಟೆ ಹೊಂದಿಸಿದವರು, ಅವರ ಹೆಸರುಗಳು ಹೊರಗೆ ಹೆಚ್ಚು ಕಾಣುವುದಿಲ್ಲ. ಅದಕ್ಕೇ ಒಂದು ಕೋರಿಕೆ. ನಿಮ್ಮ ಸಮಾಜದ ಹಳೆಯ ನಡಾವಳಿ ಪುಸ್ತಕಗಳು, ಚಂದಾ ಪುಸ್ತಕಗಳು ಎಲ್ಲಾದರೂ ಬೀರುವಿನಲ್ಲಿದ್ದರೆ ಗೆದ್ದಲಿಗೆ ಬಿಡಬೇಡಿ. ಈ ತಿಂಗಳೇ ತೆಗೆದು ಬಿಸಿಲಿಗೆ ಹಾಕಿ, ಒಂದೊಂದು ಪುಟದ ಫೋಟೋ ತೆಗೆದಿಡಿ. ಮೊಬೈಲ್ ಹಿಡಿದು ಈ ಕೆಲಸ ಮಾಡಲು ನರ್ಸಿಂಗ್ ಮಕ್ಕಳು ಇದ್ದೇ ಇದ್ದಾರೆ.

ಇನ್ನು ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ. ಕಾಯಿಲೆಯ ಬಗ್ಗೆ ಕೇಳುವುದಿದ್ದರೆ ಎಲ್ಲರ ಮುಂದೆ ಸಂಕೋಚ ಆಗಬಹುದು. ಸಭೆ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಲೇಡಿ ಡಾಕ್ಟರು ಇರುತ್ತಾರೆ, ಅವರನ್ನು ಕೇಳಿ. ನಮಸ್ಕಾರ.